ಒಂದೇ ಹಾಡಿನ ನಲವತ್ತು ಟೇಪು

ನ್ಯೂಯಾರ್ಕಿನ ಈಸ್ಟ್ ವಿಲೇಜ್, 12ನೇ ಬೀದಿ. ಅಲ್ಲೊಂದು ಹಳೇ ಕಟ್ಟಡ. ಕವಿ ಅಲೆನ್ ಗಿನ್ಸ್‌ಬರ್ಗ್ ಅದರಲ್ಲಿ ಮನೆ ಮಾಡಿಕೊಂಡಿದ್ದ. ಎಪ್ಪತ್ತರ ದಶಕದಲ್ಲಿ ಅದೇ ಕಟ್ಟಡಕ್ಕೆ ಚೆಲ್ಲೋ (ಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು) ನುಡಿಸುವ ಹುಡುಗನೊಬ್ಬ ಬಂದು ಸೇರಿಕೊಂಡ. ಗಿನ್ಸ್‌ಬರ್ಗ್ ತನ್ನ ಮನೆಯಿಂದ ವೈರು ಎಳೆದು ಅವನ ಮನೆಗೆ ಕರೆಂಟು ಕೊಟ್ಟಿದ್ದನಂತೆ.

ವಠಾರದಲ್ಲಿ ಬೆಳೆದವರಿಗೆ ಇದೇನು ಹೊಸದಲ್ಲ. ನಾವು ಚಾಮರಾಜಪೇಟೆಯಲ್ಲಿದ್ದಾಗ ಫ್ಯೂಸ್ ಹೋದರೆ ಪಕ್ಕದ ಮನೆಯ ಕಿಟಕಿಯಿಂದ ಹೋಲ್ಡರಿನ ಸಮೇತ ಒಂದು ಬಲ್ಬು ನಮ್ಮ ಮನೆಯೊಳಕ್ಕೆ ಇಳಿಬೀಳುತ್ತಿತ್ತು. ಮಾರನೇ ದಿನ ಅಮ್ಮ ನಾಲ್ಕು ಕೋಡುಬಳೆ ಕಳಿಸಿ ಲೆಕ್ಕ ಚುಕ್ತಾ ಮಾಡುತ್ತಿದ್ದಳು. ಈ ಹುಡುಗ ಆ ಕರೆಂಟಿಗೆ ಪ್ರತಿಯಾಗಿ ಏನು ಕೊಟ್ಟನೋ. ಅವನು ಮಾಡಿದ್ದೆಲ್ಲ ಟೇಪು ಓಡಿಸಿದ್ದು, ಹಾಡು ತುಂಬಿದ್ದು, ಅಳಿಸಿದ್ದು, ಮತ್ತೆ ತುಂಬಿದ್ದು. ಸುಮಾರು ಇಪ್ಪತ್ತು ವರ್ಷ ಹೀಗೇ ಕಳೆದ. 1992ರಲ್ಲಿ ಸತ್ತಾಗ ಸಾವಿರಕ್ಕೂ ಹೆಚ್ಚು ಟೇಪು ಬಿಟ್ಟುಹೋದ. ಅವುಗಳಲ್ಲಿ ಒಂದೇ ಹಾಡಿನ ಬೇರೆಬೇರೆ ಮಿಕ್ಸುಗಳೇ 40 ಇದ್ದವು ಎನ್ನುತ್ತಾರೆ.

ಅವನ ಹೆಸರು ಆರ್ಥರ್ ರಸೆಲ್. ನನಗೆ ಆ ಹೆಸರು ಗೊತ್ತಾದದ್ದು 2016ರಲ್ಲಿ, ಮೈಸೂರು ರಸ್ತೆಯಲ್ಲಿ. ಅಕ್ಕನ ಮಗ ಕಾರು ಓಡಿಸುತ್ತಿದ್ದ, ಅವನ ಫೋನಿನಿಂದ ರ‍್ಯಾಪ್ ಹಾಡುಗಾರ ಕಾನ್ಯೆ ವೆಸ್ಟ್‌ನ ಹೊಸ ಆಲ್ಬಮ್ಮು ಬರುತ್ತಿತ್ತು. ಆ ಮಾತಿನ ಅಬ್ಬರ ನನ್ನ ಕಿವಿಗೆ ಹಿಡಿಸುವಂಥದ್ದಲ್ಲ. ಆದರೆ ಒಂದು ಹಾಡಿನ ತಳದಲ್ಲಿ ಯಾರೋ ಬಾವಿಯೊಳಗೆ ಕೂತು ತನಗೆ ತಾನೇ ಹೇಳಿಕೊಳ್ಳುವಂತೆ ಗುನುಗುತ್ತಿದ್ದ. ‘ಇದ್ಯಾರೋ?’ ಅಂದೆ. ‘ಮಾಮ, ಅದು ಸ್ಯಾಂಪಲ್ಲು. ಯಾವುದೋ ಹಳೇ ಹಾಡಿನ ತುಂಡು’ ಅಂದ. ಆ ತುಂಡು ರಸೆಲ್‌ನ ‘ಆನ್ಸರ್ಸ್ ಮಿ’. 1986ರಲ್ಲಿ ಬಂದ ‘ವರ್ಲ್ಡ್ ಆಫ್ ಎಕೋ’ ಎಂಬ ಆಲ್ಬಮ್ಮಿನದು.

ಮನೆಗೆ ಬಂದು ಆ ಆಲ್ಬಮ್ಮು ಹುಡುಕಿ ಹಾಕಿದೆ. ಹತ್ತು ನಿಮಿಷಕ್ಕೆ ನಿಲ್ಲಿಸಿದೆ. ನಿಜ ಹೇಳಬೇಕೆಂದರೆ ಸ್ಪೀಕರ್ ಕೆಟ್ಟಿದೆ ಅಂದುಕೊಂಡೆ. ಡ್ರಮ್ ಇಲ್ಲ, ಗಿಟಾರ್ ಇಲ್ಲ. ಒಂದು ಚೆಲ್ಲೋ, ಒಂದು ಗಂಟಲು, ಎರಡನ್ನೂ ಹಿಡಿದು ಗೋಡೆಯಿಂದ ಗೋಡೆಗೆ ಎಸೆಯುವ ಪ್ರತಿಧ್ವನಿ. ಪದ ಅರ್ಧಕ್ಕೇ ಕರಗುತ್ತದೆ. ಕಮಾನು ತಂತಿಯ ಮೇಲೆ ಜಾರುವುದು ಒಮ್ಮೆ, ಚೆಲ್ಲೋದ ಮೈಯನ್ನು ಕುಟ್ಟುವುದು ಇನ್ನೊಮ್ಮೆ. ಕೆಲವು ಹಾಡು ಮುಗಿಯುವುದೇ ಇಲ್ಲ, ಬಾಗಿಲು ಹಾಕಿಕೊಂಡ ಹಾಗೆ ನಿಂತುಬಿಡುತ್ತವೆ. ಮೂರು ವಾರ ಬಿಟ್ಟು, ಜ್ವರ ಬಂದು ಮಲಗಿದ್ದಾಗ ಯಾಕೋ ಮತ್ತೆ ಹಾಕಿದೆ. ಆಮೇಲೆ ಬಿಡಲಾಗಲಿಲ್ಲ.

ಈ ಬರಹದ ಮೊದಲ ಕರಡು 2019ರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕು ಸಲ ಬರೆದು ನಾಲ್ಕು ಸಲ ಬಿಟ್ಟಿದ್ದೇನೆ. ಮುಗಿಸದವನ ಬಗ್ಗೆ ಬರೆಯಲು ಹೊರಟು ಮುಗಿಸಲಾಗದೆ ಕೂತದ್ದನ್ನು ಕಂಡು ಮನೆಯವಳು ನಗುತ್ತಾಳೆ.

ರಸೆಲ್ ಹುಟ್ಟಿದ್ದು 1951ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಆಸ್ಕಲೂಸಾ ಎಂಬ ಸಣ್ಣ ಊರಿನಲ್ಲಿ. ಸುತ್ತ ಜೋಳದ ಹೊಲ, ನಮ್ಮ ಮುಸುಕಿನ ಜೋಳ. ಅಪ್ಪ ನೌಕಾಪಡೆಯಲ್ಲಿದ್ದು ಬಂದವನು, ಮುಂದೆ ಊರಿನ ಮೇಯರ್ ಆದ. ತಾಯಿ ಚೆಲ್ಲೋ ನುಡಿಸುತ್ತಿದ್ದಳು, ಮಗನ ಕೈಗೂ ಅದೇ ಬಂತು. ಮುಖದ ತುಂಬ ಮೊಡವೆಯ ಕಲೆ, ಅದಕ್ಕೇ ಸಂಕೋಚ. ಹದಿಹರೆಯದಲ್ಲೇ ಮನೆ ಬಿಟ್ಟು, 18ರ ಸುಮಾರಿಗೆ ಸ್ಯಾನ್‌ಫ್ರಾನ್ಸಿಸ್ಕೋ ಸೇರಿದ. ಅಲ್ಲೊಂದು ಬೌದ್ಧ ಸಮುದಾಯದಲ್ಲಿ ವಾಸ. ಒಬ್ಬನೇ ಕೂತು ಚೆಲ್ಲೋ ನುಡಿಸುವುದು ಅಲ್ಲಿನ ನಿಯಮಕ್ಕೆ ಹೊಂದುತ್ತಿರಲಿಲ್ಲವೆಂದು ಬಟ್ಟೆಯ ಗೂಡಿನೊಳಗೆ ಕೂತು ಅಭ್ಯಾಸ ಮಾಡುತ್ತಿದ್ದ ಎಂಬ ಕತೆಯಿದೆ. ಗಿನ್ಸ್‌ಬರ್ಗ್ ಪರಿಚಯವಾದದ್ದೂ ಆಗಲೇ. ಭಾರತದಲ್ಲಿ ತಿಂಗಳುಗಟ್ಟಲೆ ತಿರುಗಿ ಬಂದಿದ್ದ ಆ ಕವಿ ಮಂತ್ರಗಳನ್ನು ಹಾಡುವಾಗ ಈ ಹುಡುಗ ಪಕ್ಕದಲ್ಲಿ ಚೆಲ್ಲೋ ಎಳೆಯುತ್ತಿದ್ದ.

ನನಗೆ ಇದೆಲ್ಲಕ್ಕಿಂತ ಮುಖ್ಯ ಅನಿಸುವ ಸಂಗತಿ ಬೇರೆ. ಆ ದಿನಗಳಲ್ಲಿ ಅವನು ಅಲಿ ಅಕ್ಬರ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಹಿಂದೂಸ್ತಾನಿ ಸಂಗೀತ ಕಲಿಯಲು ಹೋಗುತ್ತಿದ್ದ. ಉಸ್ತಾದ್ ಅಲಿ ಅಕ್ಬರ್ ಖಾನ್ 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ಶಾಲೆ ಅದು. ಕನ್ನಡಿಗರಿಗೆ ಈ ಹೆಸರು ಕೇಳಿದ ತಕ್ಷಣ ಇನ್ನೊಂದು ಹೆಸರು ನೆನಪಾಗುತ್ತದೆ: ಪಂಡಿತ್ ರಾಜೀವ ತಾರಾನಾಥ್. ಇಂಗ್ಲಿಷ್ ಮೇಷ್ಟರಾಗಿದ್ದ ಅವರು ಅದೇ ಉಸ್ತಾದರ ಶಿಷ್ಯರಾಗಿ ಸರೋದ್ ಹಿಡಿದವರು. ಇಲ್ಲಿ 1970ರಲ್ಲಿ ‘ಸಂಸ್ಕಾರ’ ಚಿತ್ರಕ್ಕೆ ಅವರು ಸಂಗೀತ ಕೊಡುತ್ತಿದ್ದ ಆಸುಪಾಸಿನಲ್ಲೇ, ಅಲ್ಲಿ ಜೋಳದ ಸೀಮೆಯ ಹುಡುಗನೊಬ್ಬ ಅದೇ ಮನೆತನದ ಪಾಠಕ್ಕೆ ಕಿವಿಗೊಟ್ಟು ಕೂತಿದ್ದ. ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿದ್ದಿರಲಾರದು. ಆದರೂ ಗುರುಮನೆಯ ಲೆಕ್ಕದಲ್ಲಿ ಎಲ್ಲೋ ದೂರದ ನೆಂಟಸ್ತಿಕೆ ಹತ್ತುತ್ತದೆ.

ಸರೋದಿಗೆ ಮೆಟ್ಟಿಲುಗಳಿಲ್ಲ. ಸಿತಾರಿನಲ್ಲಿರುವಂತೆ ಸ್ವರಕ್ಕೊಂದು ಕಟ್ಟೆ ಕಟ್ಟಿಲ್ಲ. ಉಜ್ಜಿ ನುಣುಪು ಮಾಡಿದ ಲೋಹದ ಹಲಗೆಯ ಮೇಲೆ ಉಗುರಿನಿಂದ ತಂತಿಯನ್ನು ಒತ್ತಿ ಜಾರಿಸಬೇಕು, ಸ್ವರ ಎಲ್ಲಿದೆಯೆಂದು ಕಿವಿಯೇ ಹೇಳಬೇಕು. ಚೆಲ್ಲೋ ಕೂಡ ಹಾಗೇ, ಅದರ ಕೊರಳೂ ಬೋಳು. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ಎಳೆತ, ಏನೆಂದು ಆ ಶಾಲೆಯಲ್ಲಿ ಕೇಳಿಸಿಕೊಂಡ ಚೆಲ್ಲೋಗಾರನಿಗೆ ಕೈಯೊಳಗಿನ ವಾದ್ಯ ಬೇರೆಯಾಗಿಯೇ ಕಂಡಿರಬೇಕು. ‘ವರ್ಲ್ಡ್ ಆಫ್ ಎಕೋ’ದಲ್ಲಿ ಅವನ ದನಿ ಒಂದು ಸ್ವರದ ಮೇಲೆ ನೇರವಾಗಿ ಬಂದು ಇಳಿಯುವುದು ಕಡಿಮೆ. ಹತ್ತಿರಕ್ಕೆ ಬಂದು, ಮುಟ್ಟಿ, ಪಕ್ಕಕ್ಕೆ ಸರಿದು, ಮತ್ತೆ ಬರುತ್ತದೆ. ಪಾಶ್ಚಾತ್ಯ ಪಾಪ್ ಹಾಡುಗಾರಿಕೆಯಲ್ಲಿ ನನಗೆ ಎಲ್ಲೂ ಸಿಗದ ಒಂದು ಅಲಸ ಅಲ್ಲಿದೆ. ಅದು ಆ ಶಾಲೆಯ ಪಾಠದಿಂದಲೇ ಬಂತು ಎಂದು ನಾನು ಆಣೆ ಮಾಡಲಾರೆ. ಕೇಳಿದಾಗಲೆಲ್ಲ ಹಾಗನಿಸುತ್ತದೆ, ಅಷ್ಟೆ.

1973ರಲ್ಲಿ ನ್ಯೂಯಾರ್ಕಿಗೆ ಬಂದ. ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್ ಸೇರಿದ. ಅಲ್ಲಿ ಚಾರ್ಲ್ಸ್ ವೂರಿನೆನ್ ಎಂಬ ಕಟ್ಟುನಿಟ್ಟಿನ ಸಂಯೋಜಕ ಪಾಠ ಹೇಳುತ್ತಿದ್ದ. ರಸೆಲ್ ಬರೆದುಕೊಂಡು ಹೋದ ಒಂದು ಕೃತಿ ಕೇಳಿ ಇಷ್ಟು ಅಂದಗೇಡಿಯಾದದ್ದನ್ನು ತಾನು ಕೇಳಿಯೇ ಇಲ್ಲ ಎಂಬರ್ಥದ ಮಾತು ಆಡಿದನಂತೆ. ಶಾಲೆಯ ಸಹವಾಸ ಅಲ್ಲಿಗೇ ಸಡಿಲವಾಯಿತು. ಮರುವರ್ಷ, 1974ರಲ್ಲಿ, ರಸೆಲ್ ‘ದ ಕಿಚನ್’ ಎಂಬ ಪ್ರಯೋಗಶೀಲ ಕಲಾ ಕೇಂದ್ರದ ಸಂಗೀತ ನಿರ್ದೇಶಕನಾದ. ಗಂಭೀರ ಮುಖದ ನವ್ಯ ಸಂಗೀತದವರ ಜಾಗ ಅದು. ಅಲ್ಲಿಗೆ ಇವನು ‘ಮಾಡರ್ನ್ ಲವರ್ಸ್’ ಎಂಬ ರಾಕ್ ತಂಡವನ್ನು ಕರೆಸಿದ. ಸಭೆಯಲ್ಲಿ ಹುಬ್ಬು ಮೇಲೇರಿದವು. ಸಂಯೋಜಕ ಫಿಲಿಪ್ ಗ್ಲಾಸ್‌ನ ಬಳಗದವರು ಅದೇ ನಾಲ್ಕು ಸ್ವರವನ್ನು ಅರ್ಧ ಗಂಟೆ ತಿರುಗಿಸಿದರೆ ಕಲೆ, ಮೂರು ಸ್ವರಗುಚ್ಛದ ರಾಕ್‌ನವರು ಮೂರು ನಿಮಿಷ ತಿರುಗಿಸಿದರೆ ಗದ್ದಲ, ಇದು ಯಾವ ನ್ಯಾಯ ಎಂಬುದು ಅವನ ತಕರಾರು ಎಂದು ನಾನು ತಿಳಿದುಕೊಂಡಿದ್ದೇನೆ. ಪ್ರೇಕ್ಷಕನಿಗೆ ಚ್ಯೂಯಿಂಗ್ ಗಮ್ಮಿನಷ್ಟು ಸಲೀಸಾಗಿ ಬಾಯಿಗೆ ಹತ್ತುವ, ಒಳಗೆ ಬುದ್ಧನಿರುವ ಪಾಪ್ ಸಂಗೀತ ಮಾಡಬೇಕೆಂಬುದು ಅವನ ಆಸೆಯಾಗಿತ್ತೆಂದು ಗಿನ್ಸ್‌ಬರ್ಗ್ ನೆನೆದಿದ್ದಾನೆ.

ಆಮೇಲೆ ಡಿಸ್ಕೋ ಬಂತು. ನಮ್ಮಲ್ಲಿ ಡಿಸ್ಕೋ ಅಂದರೆ ಮಿನುಗು ಬಟ್ಟೆ, ತಿರುಗುವ ಗಾಜಿನ ಗುಂಡು, ಬಪ್ಪಿ ಲಾಹಿರಿ. ಆ ಕಾಲದ ನ್ಯೂಯಾರ್ಕಿನಲ್ಲಿ ಡಿಸ್ಕೋ ಅಂದರೆ ಕರಿಯರು, ಲ್ಯಾಟಿನೋಗಳು, ಸಲಿಂಗಿಗಳು ಬೆಳಗಿನವರೆಗೆ ಯಾರ ಹೆದರಿಕೆಯಿಲ್ಲದೆ ಕುಣಿಯಬಹುದಾಗಿದ್ದ ಕತ್ತಲೆ ಹಾಲುಗಳು. ನಿಕಿ ಸಿಯಾನೋ ನಡೆಸುತ್ತಿದ್ದ ‘ಗ್ಯಾಲರಿ’ ಎಂಬ ಕ್ಲಬ್ಬಿಗೆ ರಸೆಲ್ ಒಂದು ರಾತ್ರಿ ಹೋದ. ಕುಣಿತ ಬರುತ್ತಿತ್ತೋ ಇಲ್ಲವೋ, ಸ್ಪೀಕರಿನ ಮುಂದೆ ನಿಂತವನು ಬೇರೆಯವನಾಗಿ ಹೊರಬಂದ. ಗ್ಲಾಸ್ ಬಳಗದವರ ಪುನರಾವರ್ತನೆ ಇಲ್ಲಿ ಸಾವಿರ ಜನರ ಸೊಂಟಕ್ಕೆ ಇಳಿದಿತ್ತು. 1978ರಲ್ಲಿ ‘ಡೈನೋಸಾರ್’ ಎಂಬ ಹೆಸರಿನಲ್ಲಿ ‘ಕಿಸ್ ಮಿ ಅಗೇನ್’ ಎಂಬ ಡಿಸ್ಕೋ ಹಾಡು ಹೊರತಂದ. ಪಂಕ್ ಮತ್ತು ನ್ಯೂ ವೇವ್‌ಗೆ ಹೆಸರಾದ ಸೈರ್ ಕಂಪನಿಯ ಮೊದಲ ಡಿಸ್ಕೋ ಸಿಂಗಲ್ ಅದು. ಗಿಟಾರ್ ನುಡಿಸಿದವನು ‘ಟಾಕಿಂಗ್ ಹೆಡ್ಸ್’ ರಾಕ್ ತಂಡದ ಡೇವಿಡ್ ಬರ್ನ್.

ಮುಂದಿನ ಕತೆ ಗೊತ್ತಾಗಬೇಕಾದರೆ ಹಾಡು ಹೇಗೆ ತಯಾರಾಗುತ್ತಿತ್ತೆಂದು ಸ್ವಲ್ಪ ಹೇಳಬೇಕು. ಸ್ಟುಡಿಯೋದಲ್ಲಿ ಎರಡು ಇಂಚು ಅಗಲದ ಟೇಪು. ಅದರ ಮೈಮೇಲೆ 24 ಗೆರೆ, ಗದ್ದೆಯ ಸಾಲಿನ ಹಾಗೆ. ಡ್ರಮ್ಮಿಗೆ ಕೆಲವು, ಬೇಸ್ ಗಿಟಾರಿಗೆ ಒಂದು, ಹಾಡುಗಾರ್ತಿಗೆ ಒಂದು. ಎಲ್ಲವೂ ಬೇರೆಬೇರೆಯಾಗಿಯೇ ಉಳಿದಿರುತ್ತವೆ. ಯಾವುದನ್ನು ಮೇಲಕ್ಕೆತ್ತಬೇಕು, ಯಾವುದನ್ನು ಮುಚ್ಚಬೇಕು ಎಂದು ತೀರ್ಮಾನಿಸಿ ಎರಡು ಗೆರೆಗೆ ಇಳಿಸಿದಾಗಲೇ ಹಾಡು. ಆ ತೀರ್ಮಾನವನ್ನು ನಾಳೆ ಬದಲಿಸಬಹುದು. ನಾಡಿದ್ದೂ ಬದಲಿಸಬಹುದು. ಹೀಗೆ ಇಳಿಸಿದ್ದನ್ನು 12 ಇಂಚಿನ ತಟ್ಟೆಗೆ ಹಾಕುತ್ತಿದ್ದರು. ಇಡೀ ತಟ್ಟೆಯ ಒಂದು ಮಗ್ಗುಲಿಗೆ ಒಂದೇ ಹಾಡಾದ್ದರಿಂದ ಗೀರುಗಳ ನಡುವೆ ಜಾಗ ಜಾಸ್ತಿ, ಹಾಗಾಗಿ ಬೇಸು ಎದೆಗೆ ಬಡಿಯುವಷ್ಟು ಗಟ್ಟಿಯಾಗಿ ಕೂರುತ್ತಿತ್ತು.

ಇದಕ್ಕೆ ತದ್ವಿರುದ್ಧವಾದ ಲೋಕ ನಮ್ಮ ಗೌಹರ್ ಜಾನ್‌ರದು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದಾಗ ಆಕೆಗಿದ್ದದ್ದು ಮೂರು ನಿಮಿಷ. ಗಂಟೆಗಟ್ಟಲೆ ಹಾಡುವುದನ್ನು ಅಷ್ಟರೊಳಗೆ ಮುಗಿಸಿ, ಕೊನೆಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಕೂಗುವುದಕ್ಕೂ ಜಾಗ ಉಳಿಸಿಕೊಳ್ಳುತ್ತಿದ್ದರು. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಮೇಣದ ತಟ್ಟೆಯ ಮೇಲೆ ತಪ್ಪಿದರೆ ತಪ್ಪಿದ್ದೇ. ರಸೆಲ್‌ಗೆ ಇಂಥ ಬೇಲಿ ಯಾವುದೂ ಇರಲಿಲ್ಲ. ಟೇಪು ಅವನಿಗೆ ಸಿಕ್ಕ ವರವೂ ಹೌದು, ಅಂಟಿದ ರೋಗವೂ ಹೌದು.

ಹಾಗಾದರೆ ಅವನ ಹಾಡುಗಳನ್ನು ಮುಗಿಸಿದ್ದು ಯಾರು? ಹೆಚ್ಚಿನ ಸಲ ಬೇರೆಯವರು. ‘ಲೂಸ್ ಜಾಯಿಂಟ್ಸ್’ ಹೆಸರಿನಲ್ಲಿ ಅವನೂ ಡಿಜೆ ಸ್ಟೀವ್ ಡಿಅಕ್ವಿಸ್ಟೋನೂ ಸೇರಿ ‘ಈಸ್ ಇಟ್ ಆಲ್ ಓವರ್ ಮೈ ಫೇಸ್’ ಮಾಡಿದರು, 1980ರಲ್ಲಿ. ಮೊದಲ ರೂಪ ಯಾರ ಕಾಲನ್ನೂ ಅಷ್ಟಾಗಿ ಎಳೆಯಲಿಲ್ಲ. ‘ಪ್ಯಾರಡೈಸ್ ಗರಾಜ್’ ಕ್ಲಬ್ಬಿನ ಡಿಜೆ ಲ್ಯಾರಿ ಲೆವಾನ್ ಅದೇ ಟೇಪಿನ ಗಂಡುದನಿಯನ್ನು ಬದಿಗಿಟ್ಟು, ಹೆಣ್ಣುದನಿಯನ್ನು ಮುಂದೆ ತಂದು, ಬೇಸನ್ನು ಬತ್ತಲೆ ನಿಲ್ಲಿಸಿದ. ಇವತ್ತಿಗೂ ಜನ ಕುಣಿಯುವುದು ಆ ಮಿಕ್ಸಿಗೇ. ‘ಡೈನೋಸಾರ್ ಎಲ್’ ಹೆಸರಿನಲ್ಲಿ ಬಂದ ‘24→24 ಮ್ಯೂಸಿಕ್’ ಇನ್ನೂ ವಿಚಿತ್ರ: 24 ತಾಳದ ಆವರ್ತಕ್ಕೊಮ್ಮೆ ಲಯ ಬದಲಾಗುವ ಲೆಕ್ಕಾಚಾರ, ಅದನ್ನು ನುಡಿಸುವವರು ಕ್ಲಬ್ಬಿನ ವಾದ್ಯಗಾರರು. ಅದರೊಳಗಿನ ‘ಗೋ ಬ್ಯಾಂಗ್’ ಅನ್ನು ಫ್ರಾನ್ಸ್ವಾ ಕೆವೊರ್ಕಿಯನ್ ಎಂಬ ಡಿಜೆ ಬಿಡಿಸಿ ಕಟ್ಟಿದ ಮೇಲೆ ಅದು ಹಾಡಾಯಿತು. ಅದರಲ್ಲಿ ಪಾತಾಳದಿಂದ ಎದ್ದು ಬರುವ ಒಂದು ಗಂಡುದನಿ ಇದೆ. ಅದು ಜೂಲಿಯಸ್ ಈಸ್ಟ್‌ಮನ್‌ನದು. ಕರಿಯ ಸಂಯೋಜಕ, ಅಸಾಧ್ಯ ಪ್ರತಿಭೆ, 1990ರಲ್ಲಿ ಯಾರಿಗೂ ಗೊತ್ತಾಗದ ಹಾಗೆ ತೀರಿಹೋದವನು. ಅವನ ಬಗ್ಗೆ ಬರೆಯಲು ಹೊರಟರೆ ಈ ಬರಹಕ್ಕೆ ಐದನೇ ಕರಡು ಬೇಕಾಗುತ್ತದೆ.

1981ರಲ್ಲಿ ವಿಲ್ ಸೊಕೊಲೊವ್ ಎಂಬ ಗೆಳೆಯನ ಜೊತೆ ‘ಸ್ಲೀಪಿಂಗ್ ಬ್ಯಾಗ್’ ಎಂಬ ಸ್ವಂತ ರೆಕಾರ್ಡ್ ಕಂಪನಿ. ದೊಡ್ಡ ಕಂಪನಿಗಳ ಹಂಗು ಬೇಡವೆಂದು ಕಟ್ಟಿದ ಮನೆ. ಕೆಲವು ವರ್ಷಕ್ಕೆ ಪಾಲುದಾರರ ನಡುವೆ ಒಡಕು ಬಂದು ಇವನೇ ಹೊರಗಾದ, ಕಂಪನಿ ಹಿಪ್‌ಹಾಪ್ ಕಡೆ ಹೋಗಿ ಚೆನ್ನಾಗಿಯೇ ದುಡಿಯಿತು. ರಂಗ ನಿರ್ದೇಶಕ ರಾಬರ್ಟ್ ವಿಲ್ಸನ್‌ನ ‘ಮೀಡಿಯಾ’ ಎಂಬ ಗ್ರೀಕ್ ನಾಟಕಕ್ಕೆ ಸಂಗೀತ ಬರೆಯುವ ಅವಕಾಶ ಬಂತು, ನಿರ್ದೇಶಕನ ಜೊತೆ ಸರಿಬರದೆ ಅದೂ ಕೈತಪ್ಪಿತು. ಆ ಸಂಗೀತ 1983ರಲ್ಲಿ ‘ಟವರ್ ಆಫ್ ಮೀನಿಂಗ್’ ಎಂದು ಕೆಲವೇ ನೂರು ಪ್ರತಿಗಳಲ್ಲಿ ಅಚ್ಚಾಯಿತು. ವಾದ್ಯವೃಂದವನ್ನು ನಡೆಸಿದವನು ಅದೇ ಈಸ್ಟ್‌ಮನ್.

ವೃತ್ತಿ ಎಂಬ ಮಾತನ್ನು ಇಂಥವನ ಬದುಕಿಗೆ ಹೊಂದಿಸುವುದು ಹೇಗೆ? ಬದುಕಿದ್ದಾಗ ಅವನ ಸ್ವಂತ ಹೆಸರಿನಲ್ಲಿ ಬಂದ ಎಲ್‌ಪಿಗಳು ಮೂರೇ. ಮಿಕ್ಕಿದ್ದೆಲ್ಲ ಡೈನೋಸಾರ್, ಲೂಸ್ ಜಾಯಿಂಟ್ಸ್, ಇಂಡಿಯನ್ ಓಷನ್ (ದೆಹಲಿಯ ನಮ್ಮ ತಂಡವಲ್ಲ, ಅವರಿನ್ನೂ ಹುಟ್ಟಿರಲಿಲ್ಲ) ಎಂಬ ವೇಷಗಳಲ್ಲಿ. ಕ್ಲಬ್ಬಿನಲ್ಲಿ ಕುಣಿಯುವವರಿಗೆ ಅವನು ಚೆಲ್ಲೋ ನುಡಿಸುತ್ತಾನೆಂದು ಗೊತ್ತಿಲ್ಲ. ಕಿಚನ್‌ನಲ್ಲಿ ಕಣ್ಣು ಮುಚ್ಚಿ ಕೇಳುವವರು ಅವನ ಡಿಸ್ಕೋವನ್ನು ಹಲ್ಲುನೋವಿನ ಹಾಗೆ ಸಹಿಸಿಕೊಂಡರು. ಇದರ ಜೊತೆಗೆ ಗಿಟಾರಿಟ್ಟುಕೊಂಡು ಬರೆದ ಹಳ್ಳಿಹಾಡುಗಳ ಮೂರನೆಯ ರಾಶಿ ಬೇರೆ ಇತ್ತು. ಬಾಬ್ ಡಿಲನ್‌ನನ್ನು ಪತ್ತೆ ಹಚ್ಚಿದ ಜಾನ್ ಹ್ಯಾಮಂಡ್‌ನೇ ಆ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿದ್ದ, ಅದೂ ಮುಂದಕ್ಕೆ ಹೋಗಲಿಲ್ಲ. ಸಂಪಾದನೆ ಅಷ್ಟಕ್ಕಷ್ಟೇ. ಜೊತೆಗಾರ ಟಾಮ್ ಲೀ ದುಡಿದು ಮನೆ ನಡೆಸುತ್ತಿದ್ದ, ಊರಿನಿಂದ ಅಪ್ಪ ಅಮ್ಮ ಕೈಲಾದದ್ದು ಕಳಿಸುತ್ತಿದ್ದರು. ಕಲಾವಿದನ ಏಕಾಂತ ಅಂತ ನಾವು ಬರೆಯುತ್ತೇವಲ್ಲ, ಅದರ ಬಾಡಿಗೆಯನ್ನು ಸಾಮಾನ್ಯವಾಗಿ ಮತ್ತೊಬ್ಬರು ಕಟ್ಟಿರುತ್ತಾರೆ. ನಾನು ಟಾಮ್ ಲೀ ಬಗ್ಗೆ ಯೋಚಿಸುವುದೇ ಹೆಚ್ಚು.

ಕೆಲಸದ ರೀತಿಯೂ ಹಾಗೇ ಇತ್ತು. ಆವತ್ತಿನ ಮಿಕ್ಸನ್ನು ಕ್ಯಾಸೆಟ್ಟಿಗೆ ಹಾಕಿಕೊಂಡು, ವಾಕ್‌ಮನ್ ಕಿವಿಗೆ ಸಿಕ್ಕಿಸಿಕೊಂಡು, ಹಡ್ಸನ್ ನದಿಯ ಕಟ್ಟೆಯ ಮೇಲೆ ನಡೆಯುವುದು. ಇಲ್ಲವೇ ಸ್ಟೇಟನ್ ದ್ವೀಪಕ್ಕೆ ಹೋಗುವ ಫೆರಿ ಹತ್ತಿ, ನೀರು ನೋಡುತ್ತ ಕೇಳಿ, ಅದೇ ದೋಣಿಯಲ್ಲಿ ವಾಪಸ್ಸು. ಬಂದವನೇ ಇನ್ನೊಂದು ಮಿಕ್ಸು. ಬ್ರಿಟನ್ನಿನ ‘ರಫ್ ಟ್ರೇಡ್’ ಕಂಪನಿಗಾಗಿ 1986ರಿಂದ ಒಂದು ಆಲ್ಬಮ್ಮಿನ ಮೇಲೆ ಕೂತ. ವರ್ಷಗಳು ಹೋದವು, ಆಲ್ಬಮ್ಮು ಬರಲಿಲ್ಲ.

ಇಲ್ಲೊಂದು ಮಾತು ಹೇಳಬೇಕು, ನಾನೇ ತುಂಬ ದಿನ ನಂಬಿದ್ದ ಮಾತು. ನಮ್ಮ ಸಂಗೀತದ ಕಿವಿಯಿಂದ ಕೇಳಿದರೆ ರಸೆಲ್‌ನ ನಲವತ್ತು ಮಿಕ್ಸು ವಿಚಿತ್ರವೇನಲ್ಲ ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. ಅಲಿ ಅಕ್ಬರ್ ಖಾನರು ಒಂದೇ ದರ್ಬಾರಿ ರಾಗವನ್ನು ಎಷ್ಟು ರಾತ್ರಿ ನುಡಿಸಿರಬೇಕು? ‘ಇನ್ನೂ ಮುಗಿಸಿಲ್ಲವೇ’ ಎಂದು ಯಾರು ಕೇಳುತ್ತಾರೆ? ಚೆನ್ನಾಗಿ ಕಾಣಿಸಿತು ಬರೆದಾಗ. ಈಗ ಒಪ್ಪಲಾರೆ. ಕಚೇರಿಗೆ ಕೊನೆಯಿದೆ. ತಬಲದವನಿಗೆ ರೈಲಿದೆ, ಸಭಾಂಗಣದವನು ದೀಪ ಆರಿಸಿ ಬೀಗ ಹಾಕಬೇಕು, ಮುಂದಿನ ಸಾಲಿನ ಹಿರಿಯರು ಕೊನೆ ಬಸ್ಸು ಹಿಡಿಯಬೇಕು. ಆವತ್ತಿನ ದರ್ಬಾರಿ ಆವತ್ತಿಗೆ ಮುಗಿದು ಜನರ ಜೊತೆ ಮನೆಗೆ ಹೋಗುತ್ತದೆ. ರಸೆಲ್‌ನ ಸಂಜೆಗಳು ಹಾಗೆ ಮುಗಿಯಲಿಲ್ಲ, ಅವನ ಎದುರು ಕೂತು ಆಕಳಿಸುವವರಿರಲಿಲ್ಲ. ಗುರುಮನೆಯಿಂದ ಅವನು ಆಲಾಪವನ್ನು ತಂದ, ಕಚೇರಿಯನ್ನು ತರಲಿಲ್ಲ. ಲೆವಾನ್, ಕೆವೊರ್ಕಿಯನ್, ಅವರ ಹಾಗೇ ಮಿಕ್ಸು ಮಾಡುತ್ತಿದ್ದ ವಾಲ್ಟರ್ ಗಿಬನ್ಸ್, ಇವರೇ ಅವನ ಪಾಲಿಗೆ ಬಾಗಿಲು ಹಾಕುವ ವಾಚ್‌ಮನ್‌ಗಳು. ಶನಿವಾರ ರಾತ್ರಿ ಗರಾಜ್‌ಗೆ ತಟ್ಟೆ ಬೇಕು, ಆಯ್ತು ಕೊಡು ಇಲ್ಲಿ ಎಂದು ಟೇಪು ಕಿತ್ತುಕೊಂಡವರು.

ಅವನನ್ನು ‘ಅವನು’ ಎಂದೇ ಬರೆಯುತ್ತಿದ್ದೇನೆ. ಓದುವವರಲ್ಲಿ ಯಾರಿಗಾದರೂ ಕಿರಿಕಿರಿಯಾಗಿದ್ದರೆ, ಕಾರಣ ಇಷ್ಟೇ: 40ಕ್ಕೇ ಸತ್ತವನು, ಈಗ ನನಗಿಂತ ಚಿಕ್ಕವನು.

ಎಂಬತ್ತರ ದಶಕದ ನಡುವಿನಲ್ಲೇ ಎಚ್‌ಐವಿ ಇರುವುದು ಗೊತ್ತಾಗಿತ್ತು. ಗಂಟಲಿಗೆ ಕ್ಯಾನ್ಸರ್ ಬಂತು. ಹಾಡುಗಾರನಿಗೆ ಗಂಟಲಿಗೇ. ಆದರೂ ಮಿಕ್ಸು ನಿಲ್ಲಲಿಲ್ಲ. 1992ರ ಏಪ್ರಿಲ್ 4ರಂದು ಹೋದ. ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಕೈಲ್ ಗ್ಯಾನ್ ಬರೆದ ಶ್ರದ್ಧಾಂಜಲಿಯಲ್ಲಿ, ಅವನು ಸುಮ್ಮನೆ ತನ್ನ ಸಂಗೀತದೊಳಗೆ ಮಾಯವಾಗಿಬಿಟ್ಟ ಹಾಗಿದೆ ಎಂಬರ್ಥದ ಸಾಲಿತ್ತು. ಆ ವರ್ಷವೇ ನವೆಂಬರಿನಲ್ಲಿ ಲೆವಾನ್ ತೀರಿಕೊಂಡ, 38 ವರ್ಷಕ್ಕೆ. ಗರಾಜ್ 1987ರಲ್ಲೇ ಮುಚ್ಚಿತ್ತು. ಎರಡು ವರ್ಷ ಬಿಟ್ಟು ಗಿಬನ್ಸ್, ರಸೆಲ್‌ನ ಹಾಗೇ ಏಡ್ಸ್‌ಗೆ. ಹಾಡು ಮಾಡಿದವನು, ಮುಗಿಸಿಕೊಟ್ಟವರು, ಕುಣಿದವರಲ್ಲಿ ಎಷ್ಟೋ ಜನ. ಆ ಕಾಲದ ತಟ್ಟೆಗಳ ಹಿಂದೆ ಬರೆದಿರುವ ಹೆಸರುಗಳನ್ನು ಓದುತ್ತ ಹೋದರೆ ಒಂದು ಕೇರಿಯೇ ಖಾಲಿಯಾದ ಹಾಗೆ ಕಾಣುತ್ತದೆ.

ಉಳಿದದ್ದು ಟೇಪು. ಟಾಮ್ ಲೀ ಅವನ್ನು ಎಸೆಯದೆ ಕಾಪಾಡಿಕೊಂಡ. ಫಿಲಿಪ್ ಗ್ಲಾಸ್‌ನ ಸಂಸ್ಥೆಯಿಂದ ‘ಅನದರ್ ಥಾಟ್’ ಎಂಬ ಮೊದಲ ಸಂಕಲನ ಬಂತು. ‘ಎ ಲಿಟಲ್ ಲಾಸ್ಟ್’ ಎಂಬ ಮುಗ್ಧ ಹಾಡು ಅದರಲ್ಲೇ ಇರುವುದು. ಪ್ರೀತಿಯಲ್ಲಿ ಬಿದ್ದವರಿಗೆ ನಾನು ಕಳಿಸುವುದು ಅದನ್ನೇ. ಆಮೇಲೆ ಹತ್ತು ವರ್ಷ ಹೆಚ್ಚುಕಡಿಮೆ ಮೌನ. 2004ರಲ್ಲಿ ಸ್ಟೀವ್ ನಟ್ಸನ್ ಎಂಬಾತ ಟಾಮ್ ಲೀ ಜೊತೆ ಕೂತು ಪೆಟ್ಟಿಗೆ ತೆರೆದ, ಅದಕ್ಕೆಂದೇ ‘ಆಡಿಕಾ’ ಎಂಬ ಸಣ್ಣ ಕಂಪನಿ ಶುರುವಾಯಿತು. ‘ಕಾಲಿಂಗ್ ಔಟ್ ಆಫ್ ಕಾಂಟೆಕ್ಸ್ಟ್’ ಬಂತು. ರಫ್ ಟ್ರೇಡ್‌ಗೆಂದು ಕೂತಿದ್ದ ಆ ಬಾರದ ಆಲ್ಬಮ್ಮಿನ ಹಾಡುಗಳು ಅದರಲ್ಲಿವೆ. 2008ರಲ್ಲಿ ಹಳ್ಳಿಹಾಡುಗಳ ‘ಲವ್ ಈಸ್ ಓವರ್‌ಟೇಕಿಂಗ್ ಮಿ’, ಅದೇ ವರ್ಷ ಮ್ಯಾಟ್ ವುಲ್ಫ್‌ನ ಸಾಕ್ಷ್ಯಚಿತ್ರ, 2009ರಲ್ಲಿ ಟಿಮ್ ಲಾರೆನ್ಸ್ ಬರೆದ ಜೀವನಚರಿತ್ರೆ, 2019ರಲ್ಲಿ ‘ಅಯೋವಾ ಡ್ರೀಮ್’, 2023ರಲ್ಲಿ ‘ಪಿಕ್ಚರ್ ಆಫ್ ಬನ್ನಿ ರ‍್ಯಾಬಿಟ್’. ಬದುಕಿದ್ದಾಗ ಮೂರು, ಸತ್ತ ಮೇಲೆ ಅದರ ದುಪ್ಪಟ್ಟಿಗೂ ಹೆಚ್ಚು. ಟೇಪುಗಳೂ ಕಾಗದಪತ್ರಗಳೂ ಈಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ.

ಇದರಲ್ಲಿ ನನಗೊಂದು ಇರುಸುಮುರುಸು ಇದೆ. ಈ ಆಲ್ಬಮ್ಮುಗಳಲ್ಲಿ ನಾನು ಕೇಳುತ್ತಿರುವುದು ಯಾರ ಆಯ್ಕೆ? ನಲವತ್ತರಲ್ಲಿ ಒಂದನ್ನು ಆರಿಸಿ ಇದೇ ಹಾಡು ಎಂದವನು ರಸೆಲ್ ಅಲ್ಲ. ಅವನು ಕೇಳಿ, ಬೇಡವೆಂದು ಬದಿಗಿಟ್ಟದ್ದೂ ಇರಬಹುದು. ಸತ್ತವನ ಮೇಜಿನ ಖಾನೆ ತೆಗೆದು ಓದಿದ ಹಾಗಲ್ಲವೇ ಇದು? ಹಾಗಂತ ತೆಗೆಯದಿದ್ದರೆ ಒಳ್ಳೆಯದಿತ್ತು ಎನ್ನಲು ಬಾಯಿ ಬರುವುದಿಲ್ಲ. ನಟ್ಸನ್ ಮಾಡಿದ್ದೂ ಲೆವಾನ್ ಮಾಡಿದ್ದೇ. ವ್ಯತ್ಯಾಸವೆಂದರೆ ಲೆವಾನ್ ಕಿತ್ತುಕೊಂಡಾಗ ಇವನು ಬದುಕಿದ್ದ, ಜಗಳವಾಡಬಹುದಿತ್ತು.

ನಾನು ಮಾಡುವ ಒಂದು ಸಣ್ಣ ಆಟವಿದೆ. ‘ಲೆಟ್ಸ್ ಗೋ ಸ್ವಿಮ್ಮಿಂಗ್’, ‘ಟ್ರೀ ಹೌಸ್’, ‘ವ್ಯಾಕ್ಸ್ ದ ವ್ಯಾನ್’, ಈ ಮೂರೂ ಕುಣಿತದ ತಟ್ಟೆಗಳಾಗಿ ಬಂದಿವೆ, ‘ವರ್ಲ್ಡ್ ಆಫ್ ಎಕೋ’ದಲ್ಲಿ ಬರೀ ಚೆಲ್ಲೋ-ದನಿಯಾಗಿಯೂ ಇವೆ. ಒಂದರ ಹಿಂದೆ ಒಂದು ಹಾಕಿ ಕೇಳುತ್ತೇನೆ. ಗಿಬನ್ಸ್ ಮಿಕ್ಸ್ ಮಾಡಿದ ‘ಸ್ವಿಮ್ಮಿಂಗ್’ನಲ್ಲಿ ತಾಳಗಳು ಒಂದರ ಮೇಲೊಂದು ಬಿದ್ದು ಎಡವಿ ಏಳುತ್ತವೆ, ಕೆರೆಗೆ ಧುಮುಕುವ ಹುಡುಗರ ಗಲಾಟೆಯ ಹಾಗೆ. ಚೆಲ್ಲೋ ರೂಪದಲ್ಲಿ ಅದೇ ಹುಡುಗರು ನೀರಿನ ತಳದಲ್ಲಿದ್ದಾರೆ, ದನಿ ಗುಳ್ಳೆಯಾಗಿ ಮೇಲೆ ಬರುತ್ತದೆ.

ಮೊನ್ನೆ ಅಕ್ಕನ ಮಗನ ಜೊತೆ ಮತ್ತೆ ಮೈಸೂರಿಗೆ ಹೊರಟಿದ್ದೆ. ಈಗ ಎಕ್ಸ್‌ಪ್ರೆಸ್‌ವೇ. ಮದ್ದೂರು ವಡೆಗೆ ನಿಲ್ಲಿಸಬೇಕೆಂದರೆ ಬೇಕೆಂದೇ ಕೆಳಗಿಳಿಯಬೇಕು, ಇಳಿಯಲಿಲ್ಲ. ಅವನಿಗೆ ಎರಡೂ ‘ಸ್ವಿಮ್ಮಿಂಗ್’ ಕೇಳಿಸಿದೆ. ಟೋಲ್ ದಾಟುವವರೆಗೆ ಸುಮ್ಮನಿದ್ದ.

‘ಮಾಮ, ಇದರಲ್ಲಿ ಒರಿಜಿನಲ್ ಯಾವುದು?’

ಎರಡೂ ಒಂದೇ ವರ್ಷದವು ಅಂದೆ. ಅವನು ಕನ್ನಡಿಯಲ್ಲಿ ಹಿಂದೆ ಬರುತ್ತಿದ್ದ ಲಾರಿ ನೋಡಿ, ಪಕ್ಕಕ್ಕೆ ಸರಿದು, ಮೊದಲನೆಯದನ್ನೇ ಇನ್ನೊಮ್ಮೆ ಹಾಕಲು ಹೇಳಿದ.